ಹನ್ನೊಂದು ತುಂಡು ಗಿಣ್ಣು

ತಲಘಟ್ಟಪುರದ ಮುತ್ತುರಾಜನ ತೋಟದಲ್ಲಿ ಮೌನ ಎಷ್ಟು ದಪ್ಪಗಿತ್ತೆಂದರೆ, ಮೊಟ್ಟೆ ಇಡಲೋ ಬೇಡವೋ ಎಂದು ಕೋಳಿ ಯೋಚಿಸುವುದೂ ಅವನಿಗೆ ಕೇಳಿಸುತ್ತಿತ್ತು. ಇದ್ದದ್ದು ಅರ್ಧ ಎಕರೆ, ಒಂದು ಹಸು, ಏಳು ಕೋಳಿ, ಒಂದು ಸೀಮೆಬದನೆ ಚಪ್ಪರ. ಆ ಬಳ್ಳಿಯ ಪಕ್ಕ ನಿಂತು ಒಂದು ಬೀಡಿ ಸೇದಿ ಮುಗಿಸುವಷ್ಟರಲ್ಲಿ ಅದು ಕಾಲಿಗೆ ಸುತ್ತಿಕೊಂಡಿರುತ್ತಿತ್ತು. ಬಿಡಿಸಲು ಕುಡುಗೋಲೇ ಬೇಕು. ಹಸುವಿನ ಹೆಸರು ಮೇಡಂ. ಕರೆದ ಕೂಡಲೇ ಒಂದು ದಿನವೂ ತಿರುಗಿ ನೋಡಿದವಳಲ್ಲ, ಅದಕ್ಕೇ ಆ ಹೆಸರು.

ಮೊದಲು ಸುತ್ತಲೂ ಹನ್ನೊಂದು ಮನೆಯವರ ಹೊಲಗಳಿದ್ದವು. ಒಬ್ಬೊಬ್ಬರಾಗಿ ಮಾರಿ, ಟೆಂಪೊಗೆ ಮಂಚ, ಒರಳು ಏರಿಸಿಕೊಂಡು ಹೋದರು. ಈಗ ಅಲ್ಲೆಲ್ಲ ಬಡಾವಣೆ. ಮುತ್ತುರಾಜನಿಗೆ ಹೆಂಡತಿ ಮಕ್ಕಳಿಲ್ಲ. ಮದುವೆಯ ಮಾತು ಬಂದಾಗಲೆಲ್ಲ ಯಾವುದಾದರೊಂದು ಹಸುವಿಗೆ ದಿನ ತುಂಬಿರುತ್ತಿತ್ತು.

2004ರಲ್ಲಿ ಒಂದು ಗುರುವಾರ ಬೆಳಗಿನ ಜಾವ ಮೇಡಂ ಕರು ಹಾಕಿದಳು. ಈದ ಹಸುವಿನ ಮೊದಲ ಹಾಲಿಗೆ ಬೆಲ್ಲ, ಏಲಕ್ಕಿ ಹಾಕಿ ಹಬೆಯಲ್ಲಿಟ್ಟ. ಗಿಣ್ಣು ಗಟ್ಟಿಯಾದ ಮೇಲೆ, ಕೈಗೆ ಅಭ್ಯಾಸವಿದ್ದಂತೆ, ಹನ್ನೊಂದು ತುಂಡು ಮಾಡಿದ. ಚಾಕು ಕೆಳಗಿಟ್ಟ ಮೇಲೆ ತಲೆಗೆ ಹೊಳೆಯಿತು: ಕೊಡುವುದು ಯಾರಿಗೆ? ಅವರ ಮನೆತನದಲ್ಲಿ ಗಿಣ್ಣನ್ನು ಮಾರುವಂತಿಲ್ಲ. ನೆರೆಯವರ ಬಾಯಿಗೆ ಬೀಳದೆ ಮನೆಯವರು ಮುಟ್ಟುವಂತೆಯೂ ಇಲ್ಲ. ನಿಜ ಹೇಳಬೇಕೆಂದರೆ ಅವನಿಗೆ ತಿನ್ನುವ ಆಸೆಗಿಂತ ಹೇಳುವ ಆಸೆಯೇ ಹೆಚ್ಚಾಗಿತ್ತು. ಕರು ಹುಟ್ಟಿ ನಾಲ್ಕು ಗಂಟೆ ಕಳೆದರೂ ಸುದ್ದಿ ಗೊತ್ತಿದ್ದದ್ದು ಕೋಳಿಗಳಿಗೆ ಮಾತ್ರ.

ಒಗೆದ ಅಂಗಿ ತೊಟ್ಟು, ತಟ್ಟೆಗೆ ಬಾಳೆಲೆ ಮುಚ್ಚಿಕೊಂಡು ಬಡಾವಣೆಗೆ ಹೊರಟ.

ಮೊದಲ ಮನೆಯ ಹೆಂಗಸು ಕಿಟಕಿಯಿಂದಲೇ, "ನಮಗೆ ಪ್ಯಾಕೆಟ್ ಹಾಲು ಬರುತ್ತಪ್ಪಾ, ಬೇಡ" ಎಂದಳು. ಎರಡನೆಯ ಮನೆಯ ಯಜಮಾನರು ಬನಿಯನ್ನಿನಲ್ಲೇ ಗೇಟಿನವರೆಗೆ ಬಂದರು.

"ಕೇಜಿ ಎಷ್ಟು?"

"ಮಾರಕ್ಕಲ್ಲ ಸಾರ್, ಹಂಚಕ್ಕೆ."

"ಹಂಚಕ್ಕಾ? ಯಾಕ್ರೀ, ಎಲೆಕ್ಷನ್‌ಗೆ ನಿಂತಿದ್ದೀರಾ?"

"ಅಯ್ಯೋ ಇಲ್ಲ ಸಾರ್. ಹಸು ಈದಿದೆ."

"ಒಳ್ಳೇದಾಯ್ತು. ನಂಗೆ ಶುಗರ್ ಇದೆ, ಬರ್ಲಾ?"

ಗೇಟು ಮುಚ್ಚಿತು. ಮೂರನೆಯ ಮನೆಯಲ್ಲಿ ಆಸಕ್ತಿ ತೋರಿಸಿದ್ದು ನಾಯಿ ಒಂದೇ. ಅದು ಬೊಗಳಿದ ರಭಸಕ್ಕೆ ಬನಶಂಕರಿಯಲ್ಲಿ ಯಾರ ಮನೆಯದೋ ಟಿವಿ ಆಫ್ ಆಗಿರಬೇಕು.

ಬಡಾವಣೆಯ ತುದಿಯಲ್ಲಿ ಒಂದು ಮನೆಗೆ ತಾರಸಿ ಹಾಕುತ್ತಿದ್ದರು. ಉತ್ತರ ಕರ್ನಾಟಕದಿಂದ ಕೂಲಿಗೆ ಬಂದ ರೇಣವ್ವ ಖಾಲಿ ಬಾಂಡಲಿ ಹಿಡಿದು ಏಣಿ ಇಳಿಯುತ್ತಿದ್ದವಳು ಮೂಗರಳಿಸಿ ನಿಂತಳು.

"ಗಿಣ್ಣ ಏನ್ರಿ ಯಣ್ಣಾ? ಆಕಳ ಈದೈತೇನು?"

"ಹ್ಞೂಂ ಕಣವ್ವ, ಬೆಳಿಗ್ಗೆ."

"ಹೆಣಗರನೋ, ಹೋರಿಗರನೋ?"

ಮುತ್ತುರಾಜ ತಟ್ಟೆಯ ಮೇಲಿನ ಬಾಳೆಲೆ ಸರಿಸಿದ. ಬೆಳಿಗ್ಗೆಯಿಂದ ಈ ಒಂದು ಪ್ರಶ್ನೆಯ ಉತ್ತರ ಹೊತ್ತುಕೊಂಡೇ ಬೀದಿ ಬೀದಿ ತಿರುಗಿದ್ದ. "ಹೆಣ್ಣು" ಎಂದ. ಆಮೇಲೆ ಬಾಯಿ ನಿಲ್ಲಲಿಲ್ಲ. ಹಣೆಯ ಮೇಲೆ ಬಿಳಿ ಚುಕ್ಕೆ, ಅರ್ಧ ಗಂಟೆಗೇ ಎದ್ದು ನಿಂತದ್ದು, ಒಂದು ಗಂಟೆಯೊಳಗೆ ಕೋಳಿಗಳನ್ನೆಲ್ಲ ಅಟ್ಟಿಸಿಕೊಂಡು ತೋಟ ಮೂರು ಸುತ್ತು ಹಾಕಿದ್ದು...

"ಸುಳ್ಳು ಹೇಳಾಕೂ ಮಿತಿ ಬೇಕ್ರಿ ಯಣ್ಣಾ!" ರೇಣವ್ವ ನಕ್ಕು, ಜೊತೆಯವರನ್ನೆಲ್ಲ ಕೂಗಿದಳು. ಸಿಮೆಂಟಿನ ಕೈಗಳನ್ನು ಸೆರಗಿಗೆ, ಲುಂಗಿಗೆ ಒರೆಸಿಕೊಂಡು ಬಂದರು. ಹನ್ನೊಂದು ತುಂಡೂ ಖಾಲಿ.

"ಏಯ್, ಕಾಂಕ್ರೀಟ್ ಒಣಗ್ತಾ ಐತೆ! ಹತ್ರಮ್ಮಾ ಮೇಲೆ!" ಮೇಸ್ತ್ರಿ ಅರಚಿದ.

"ನಾಳೆ ಬಂದು ಕರು ನೋಡ್ಕೊಂಡ್ ಹೋಗವ್ವಾ. ಇಲ್ಲೇ, ಚಪ್ಪರ ಕಾಣ್ತದಲ್ಲ, ಅದೇ."

"ನಾಳಿ ನಾವು ಇಲ್ಲಿರೂದಿಲ್ರಿ. ತಾರಸಿ ಮುಗೀತಂದ್ರ ಬ್ಯಾರೆ ಕಡೆ ಕೆಲ್ಸ. ಕರ ಛಂದ ಬೆಳೀಲಿ ಬಿಡ್ರಿ."

ಅವಳು ಕಾಂಕ್ರೀಟಿನ ಬಾಂಡಲಿ ತಲೆಗೇರಿಸಿ ಹತ್ತಿದಳು. ನೆರೆಯವರು ತಿಂದಾಯಿತು, ಇನ್ನು ಮುತ್ತುರಾಜನೂ ತಿನ್ನಬಹುದಿತ್ತು. ತಟ್ಟೆಯಂಚಿನ ಬೆಲ್ಲದ ನೀರನ್ನು ಬೆರಳಿನಿಂದ ಬಳಿದು ನೆಕ್ಕುತ್ತ, ಆ ತಾರಸಿ ಪೂರ್ತಿ ಮುಗಿಯುವವರೆಗೂ ಅಲ್ಲೇ ನಿಂತಿದ್ದ.