ಗ್ಯಾರೇಜಿನೊಳಗೊಂದು ರೈಲ್ವೆ ಗೇಟು

ಕಳೆದ ಶನಿವಾರ ಮಗಳ ಸ್ಕೂಲ್ ಪ್ರಾಜೆಕ್ಟಿಗೆ ಮರಳು ಅಂಟಿಸಲೆಂದು ಬಿಳಿ ಗೋಂದನ್ನು ನೀರಿನಲ್ಲಿ ಕದಡಿ, ಅದಕ್ಕೊಂದು ಹನಿ ಪಾತ್ರೆ ತೊಳೆಯುವ ಸೋಪು ಬಿಟ್ಟೆ. ಸೋಪು ಬಿಟ್ಟರೆ ಗೋಂದು ಮರಳಿನ ಮೇಲೆ ಉರುಳಿ ಹೋಗದೆ ಒಳಗಿಳಿಯುತ್ತದೆ. ನಿಂಬೆ ಸೋಪು, ಹಸಿ ಗೋಂದು ಎರಡೂ ಸೇರಿದ ಆ ವಾಸನೆ ಮೂಗಿಗೆ ಬಡಿದದ್ದೇ ತಡ, ಪಕ್ಕದ ಮನೆ ಆಂಟಿಯ ಗ್ಯಾರೇಜು ಕಣ್ಣೆದುರು ಬಂತು. ಮಗಳು "ಇಟ್ ಸ್ಮೆಲ್ಸ್ ವಿಯರ್ಡ್, ಅಮ್ಮ" ಎಂದು ಮೂಗು ಮುಚ್ಚಿಕೊಂಡಳು.

ನಾವು ಹೇವರ್ಡ್‌ಗೆ ಬಂದ ಹೊಸತು. ನನಗಿನ್ನೂ ಕೆಲಸ ಮಾಡುವ ಪರ್ಮಿಟ್ಟು ಬಂದಿರಲಿಲ್ಲ. ಗಂಡ ಸ್ಯಾನ್ ಹೊಸೆಯ ಆಫೀಸಿಗೆ ಹೊರಟ ಮೇಲೆ, ಮಗಳನ್ನು ಪ್ರೀಸ್ಕೂಲಿಗೆ ಬಿಟ್ಟು ಬಂದರೆ ನನಗೆ ಉಳಿಯುತ್ತಿದ್ದ ಘನಕಾರ್ಯ ಒಂದೇ, ಬಾಗಿಲ ಮುಂದಿನ ಸಿಮೆಂಟಿನ ಮೇಲೆ ರಂಗೋಲಿ ಹಾಕುವುದು. ಒಂದು ಬೆಳಿಗ್ಗೆ ಹಾಗೆ ಬಗ್ಗಿ ಕೂತಿದ್ದಾಗ ಬೆನ್ನ ಹಿಂದೆ ಕನ್ನಡ ಕೇಳಿಸಿತು.

"ಎಳೆ ಇನ್ನೂ ಸಣ್ಣಕ್ಕೆ ಬಿಡಕ್ಕಾಗುತ್ತೇನೇ ನಿಂಗೆ?"

ತಿರುಗಿ ನೋಡಿದರೆ ನೈಟಿಯ ಮೇಲೆ ಮಗನ ಹಳೆಯ ಕಾಲೇಜು ಸ್ವೆಟ್‌ಶರ್ಟು ತೊಟ್ಟ, ಎಪ್ಪತ್ತು ದಾಟಿದ ಹೆಂಗಸು. ಹೆಸರಿಲ್ಲ, ಊರಿಲ್ಲ, ಕುಶಲ ಮೊದಲೇ ಇಲ್ಲ. ನಾನು ಹಟಕ್ಕೆ ಬಿದ್ದು ಕೂದಲೆಳೆಯಷ್ಟು ಸಣ್ಣ ಗೆರೆ ಎಳೆದು ತೋರಿಸಿದೆ. "ಬಾ ಇಲ್ಲಿ" ಎಂದು ಅವರು ತಮ್ಮ ಗ್ಯಾರೇಜಿನ ಬಾಗಿಲು ಎತ್ತಿದರು.

ಒಳಗೆ ಕಾರಿರಲಿಲ್ಲ. ಕಾರು ವರ್ಷಗಳಿಂದ ಹೊರಗೇ ಬಿಸಿಲು ಕಾಯುತ್ತಿತ್ತು. ಕಾರಿನ ಜಾಗದಲ್ಲಿ ಪ್ಲೈವುಡ್ಡಿನ ದೊಡ್ಡ ಮೇಜು, ಅದರ ಮೇಲೆ ಅರಸೀಕೆರೆ ಕಡೆಯ ಬಯಲು. ಒಣಗಿದ ಕಾಫಿ ಚರಟವೇ ಮಣ್ಣು. ಹಿತ್ತಲಿನಲ್ಲಿ ಹೂ ಬಿಟ್ಟು ಒಣಗಿದ ಸಬ್ಬಸಿಗೆ ಕಡ್ಡಿಗಳೇ ಜಾಲಿಮರ. ಆ ಬಯಲಿನ ನಡುವೆ ಬೆರಳಗಲದ ಹಳಿ, ಎರಡು ಕಡೆ ರೈಲ್ವೆ ಗೇಟು, ಪಕ್ಕದಲ್ಲಿ ಬೆಂಕಿಪೊಟ್ಟಣಕ್ಕಿಂತ ಸ್ವಲ್ಪ ದೊಡ್ಡದಾದ ಹೆಂಚಿನ ಮನೆ. ಆಂಟಿಯ ತಂದೆ ಗೇಟ್‌ಮನ್ ಆಗಿದ್ದರಂತೆ. ಆಂಟಿ ಹುಟ್ಟಿದ್ದು ಆ ಗೇಟ್ ಮನೆಯಲ್ಲೇ. ಓಕ್ಲ್ಯಾಂಡಿನ ಆಸ್ಪತ್ರೆಯೊಂದರ ಲ್ಯಾಬಿನಲ್ಲಿ ಜೀವಮಾನವಿಡೀ ರಕ್ತ ಪರೀಕ್ಷೆ ಮಾಡಿ ರಿಟೈರ್ ಆದ ಮೇಲೆ, ಮೊಮ್ಮಗ ಆಡಿ ಬಿಸಾಡಿದ ರೈಲು ಸೆಟ್ಟನ್ನು ಎತ್ತಿಟ್ಟುಕೊಂಡು ಶುರು ಮಾಡಿದ್ದರು.

ನನ್ನನ್ನು ಕರೆದದ್ದು ಹಳಿಗಳ ನಡುವೆ ಜಲ್ಲಿ ಉದುರಿಸಲು. ಅವರ ಕೈಗೇನೂ ಆಗಿರಲಿಲ್ಲ, ಕಣ್ಣು ಸೋಲುತ್ತಿತ್ತು. ದೃಷ್ಟಿಯ ನಡುಭಾಗವೇ ಅಳಿಸಿಹೋಗುವ ಕಾಯಿಲೆ. ಎದುರಿಗೆ ಕೂತವರ ಕಿವಿ ಕಾಣುತ್ತದೆ, ಮುಖ ಕಾಣುವುದಿಲ್ಲ. ಡಾಕ್ಟರು ಒಂದು ವರ್ಷ ಎಂದಿದ್ದರು. ಅಷ್ಟರೊಳಗೆ ಗೇಟು ಮುಗಿಸಿ ಕಣ್ತುಂಬ ನೋಡಬೇಕೆಂಬುದು ಅವರ ಹಟ.

ಅಂಗಡಿಯಲ್ಲಿ ಜಲ್ಲಿಯೆಂದು ಮಾರುವ ಬೂದಿ ಬಣ್ಣದ ಪುಡಿ ಅವರಿಗೆ ಸುತರಾಂ ಹಿಡಿಸಿರಲಿಲ್ಲ. "ನಮ್ಮ ಕಡೆ ಜಲ್ಲಿಗೂ ಕೆಂಪು ಮಣ್ಣು ಮೆತ್ಕೊಂಡಿರುತ್ತೆ" ಎಂದು ರಾಗಿ ಡಬ್ಬ ತಂದಿಟ್ಟರು. ನಾನು ಬೆರಳ ಸಂದಿನಿಂದ ರಂಗೋಲಿ ಬಿಟ್ಟ ಹಾಗೆ ರಾಗಿ ಬಿಟ್ಟೆ, ಅವರು ಗೋಂದಿನ ನೀರು ಚಿಮುಕಿಸಿದರು. ನೋಡಲು ಚೆನ್ನಾಗಿಯೇ ಇತ್ತು. ನಾಲ್ಕು ದಿನ ಬಿಟ್ಟು ಗ್ಯಾರೇಜು ತೆಗೆದರೆ ಹಳಿಯುದ್ದಕ್ಕೂ ಹಸಿರು! ಗೋಂದು ಕಮ್ಮಿ, ನೀರು ಜಾಸ್ತಿಯಾಗಿ ರಾಗಿ ಮೊಳಕೆ ಬಂದುಬಿಟ್ಟಿತ್ತು. ಮಂಡ್ಯ, ಹಾಸನದವರನ್ನು ಬಿಟ್ಟರೆ ಪ್ರಪಂಚದಲ್ಲಿ ಇನ್ಯಾರ ರೈಲ್ವೆ ಲೈನೂ ಹೀಗೆ ಪೈರಾಗಿರಲಾರದು. ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕೆವು. ಮುಂದಿನ ವಾರ ರಾಗಿಯನ್ನು ಬಾಣಲೆಯಲ್ಲಿ ಚೆನ್ನಾಗಿ ಹುರಿದು ಮತ್ತೆ ಉದುರಿಸಿದೆವು.

ಮೇಜಿನ ಮೇಲೆ ಎಲ್ಲವೂ ಇತ್ತು, ಜನ ಇರಲಿಲ್ಲ. ಅಂಗಡಿಯಲ್ಲಿ ಸಿಗುವ ಬೊಂಬೆಗಳೆಲ್ಲ ಕೋಟು, ಹ್ಯಾಟು ಹಾಕಿದವರು. ಆಂಟಿಗೆ ಬೇಕಾಗಿದ್ದದ್ದು ಒಬ್ಬಳೇ ಒಬ್ಬಳು. ಅಪ್ಪ ಜ್ವರ ಬಂದು ಮಲಗಿದ ದಿನ ಗೇಟು ಹಾಕಿ, ಹಸಿರು ಬಾವುಟ ಹಿಡಿದು ರೈಲು ಬಿಟ್ಟ ಅಮ್ಮ. ಆಂಟಿಗೆ ಆರು ವರ್ಷವಾಗಿದ್ದಾಗ ಆಕೆ ತೀರಿಕೊಂಡಿದ್ದರು. ಗೇಟ್ ಮನೆಯನ್ನು ಆಮೇಲೆ ಯಾವಾಗಲೋ ಕೆಡವಿದರಂತೆ. ಅಮ್ಮನದ್ದೂ ಮನೆಯದ್ದೂ ಒಂದು ಫೋಟೋ ಕೂಡ ಇಲ್ಲ.

ಬೊಂಬೆಯ ಕೆಲಸ ನನ್ನ ಪಾಲಿಗೆ ಬಂತು. ಹೆಬ್ಬೆರಳಿನ ಉಗುರಿನಷ್ಟು ಎತ್ತರದ ಅಂಗಡಿ ಬೊಂಬೆಯೊಂದರ ಕೋಟು ಹೆರೆದು, ಟಿಶ್ಯೂ ಪೇಪರನ್ನು ಗೋಂದಿನಲ್ಲಿ ಅದ್ದಿ ಸೀರೆ ಉಡಿಸಿದೆ. ಕೈಗೆ ಬಾವುಟ ಕೊಟ್ಟೆ. ಅಷ್ಟಕ್ಕೆ ಬಿಟ್ಟಿದ್ದರೆ ಚೆನ್ನಾಗಿತ್ತು. ರಂಗೋಲಿ ಕೈಯ ಜಂಬ ಬಿಡಬೇಕಲ್ಲ! ಸೂಜಿಯ ಮೊನೆಯಿಂದ ಎರಡು ಕಣ್ಣು, ಹುಬ್ಬು, ನಗು, ಕಾಸಗಲ ಕುಂಕುಮ... ಎಲ್ಲ ಇಟ್ಟೆ. ಆಂಟಿ ನೋಡಿ ಅತ್ತೇ ಬಿಡುತ್ತಾರೆ ಎಂದುಕೊಂಡು ಅಂಗೈಯಲ್ಲಿ ಮುಚ್ಚಿಕೊಂಡು ಹೋದೆ.

ಅವರು ದೀಪವಿರುವ ಭೂತಗನ್ನಡಿಯನ್ನು ಎಳೆದುಕೊಂಡು, ಕತ್ತು ಆ ಕಡೆ ಈ ಕಡೆ ತಿರುಗಿಸಿ ಬಹಳ ಹೊತ್ತು ನೋಡಿದರು.

"ಇದ್ಯಾರೇ?"

"ನಿಮ್ಮಮ್ಮ, ಆಂಟಿ."

"ಅಲ್ಲ ಕಣೇ. ಇದು ಯಾರೋ." ದನಿಯಲ್ಲಿ ಕೋಪವಿರಲಿಲ್ಲ. "ನಮ್ಮಮ್ಮನ ಮುಖ ನಂಗೆ ನೆನಪೇ ಇಲ್ಲ. ಅದಕ್ಕೇ ಇಷ್ಟು ಚಿಕ್ಕದಾಗಿ ಮಾಡ್ತಿರೋದು. ಈ ಅಳತೇಲಿ ಯಾರ್ಗೂ ಮುಖ ಇರಲ್ಲ."

ಗಣೇಶನನ್ನು ಮಾಡಲು ಹೋಗಿ ಅವರಪ್ಪನನ್ನು ಮಾಡಿದ ಹಾಗಾಗಿತ್ತು. ನಾಚಿಕೆಯಿಂದ ನನಗೇ ಅಳು ಬಂತು. ಸ್ಪಿರಿಟ್ಟಿನಲ್ಲಿ ಅದ್ದಿದ ಹತ್ತಿಯಿಂದ ಮುಖ ಒರೆಸಹೋದರೆ ಸೀರೆಯೂ ಕಿತ್ತು ಬಂತು. ತಂತಿಯಿಂದ ಪೂರ್ತಿ ಹೊಸದಾಗಿ ಮಾಡಬೇಕಾಯಿತು. ಅಷ್ಟರಲ್ಲಿ ಅವರ ಕಣ್ಣು ಇನ್ನಷ್ಟು ಮಂಕಾಗಿತ್ತು. ಡಾಕ್ಟರು ಹೇಳಿದ ವರ್ಷ ಮುಗಿಯಲು ಎರಡೇ ತಿಂಗಳಿತ್ತು.

"ಮುಖ ಬಿಡು. ನಿಂತ್ಕಳೋದು ನಂಗೆ ಗೊತ್ತು" ಎಂದು ಆಂಟಿ ಗ್ಯಾರೇಜಿನ ನಡುವೆ ನಿಂತರು. ನೈಟಿಯನ್ನು ಮೊಣಕಾಲಿಗೆ ಎತ್ತಿ ಸೊಂಟಕ್ಕೆ ಸಿಕ್ಕಿಸಿಕೊಂಡರು. ಎಡಗೈ ಸೊಂಟದ ಮೇಲೆ, ಬಲಗೈಯಲ್ಲಿ ಅಡುಗೆಮನೆಯ ಟವೆಲ್ಲು ಮುಂದಕ್ಕೆ ಚಾಚಿ, ಭಾರವೆಲ್ಲ ಒಂದೇ ಕಾಲಿನ ಮೇಲೆ. "ನಾನು ಹಿಂದೆ ಸೆರಗು ಹಿಡ್ಕಂಡು ನಿಂತಿದ್ದೆ. ಅದಕ್ಕೇ ಅಮ್ಮ ಸ್ವಲ್ಪ ಹಿಂದಕ್ಕೆ ವಾಲಿದ್ಲು" ಎಂದು ತುಸು ವಾಲಿದರು. ಮೂವತ್ತು ದಾಟದೇ ಹೋದ ತಾಯಿಯಾಗಿ ಆ ಎಪ್ಪತ್ತರ ಮಗಳು ಅಲುಗಾಡದೆ ನಿಂತಿದ್ದರು. ಮಂಡಿನೋವಿದ್ದವರು, ಒಂದು ಸಲವೂ ಕೂರುತ್ತೇನೆ ಎನ್ನಲಿಲ್ಲ. ನಾನು ಸುತ್ತ ತಿರುಗಿ ನೋಡಿ ನೋಡಿ ತಂತಿ ಬಗ್ಗಿಸಿದೆ.

ಬೊಂಬೆಯನ್ನು ಗೇಟಿನ ಪಕ್ಕ ಅಂಟಿಸಿದ ದಿನ ಆಂಟಿ ಮೇಜಿನ ಮಟ್ಟಕ್ಕೆ ಬಗ್ಗಿದರು. ನೇರ ನೋಡಿದರೆ ಏನೂ ಕಾಣಲಿಲ್ಲ. ಒಂದು ಕೈ ಬೆನ್ನಿಗೆ ಊರಿ, ಕತ್ತು ಓರೆ ಮಾಡಿ, ಕಡೆಗಣ್ಣಿನಿಂದ ನೋಡಿದರು.

"ಅವಳೇ" ಎಂದರು.

ಆಮೇಲೆ ಎರಡು ವರ್ಷ, ಪ್ರತಿದಿನ ಬೆಳಿಗ್ಗೆ ಅವರು ಹಾಗೇ ಓರೆಯಾಗಿ ಬಗ್ಗಿ ನೋಡುತ್ತಿದ್ದರು. ನಾನು ಕಾಫಿ ಲೋಟ ಹಿಡಿದು ಪಕ್ಕದಲ್ಲಿ ನಿಂತಿರುತ್ತಿದ್ದೆ. ಆ ಕಾಫಿಯಷ್ಟು ಒಳ್ಳೆಯ ಕಾಫಿಯನ್ನು ನಾನು ಈ ದೇಶದಲ್ಲಿ ಮತ್ತೆ ಕುಡಿದಿಲ್ಲ... ಅವರು ಹೋದ ಮೇಲೆ ಮಗ ಮನೆ ಮಾರಿದ. ಅದಕ್ಕೂ ಮುಂಚೆ ರೈಲು, ಹಳಿ ಎಲ್ಲವನ್ನೂ ಯಾರೋ ಹವ್ಯಾಸಿಗಳಿಗೆ ಕೊಟ್ಟು, ಗೇಟಿನ ತುಂಡನ್ನು ಮಾತ್ರ ಗರಗಸದಲ್ಲಿ ಕೊಯ್ದು ನನಗೆ ತಂದುಕೊಟ್ಟ. ಅದು ನಮ್ಮ ಪುಸ್ತಕದ ಕಪಾಟಿನ ಮೇಲಿದೆ.

ಶನಿವಾರ ಈ ಕಥೆಯೆಲ್ಲ ಹೇಳಿ ಮುಗಿಸಿದಾಗ ಮಗಳು ಕೇಳಿದಳು, "ಆಂಟಿ ಹೇಗಿದ್ರು? ಐ ಡೋಂಟ್ ರಿಮೆಂಬರ್."

ಫೋನು ತೆಗೆದೆ. ಗೇಟು, ಹೆಂಚಿನ ಮನೆ, ಮೊಳಕೆ ಬಂದ ರಾಗಿ, ಬೊಂಬೆ, ನೂರಾರು ಫೋಟೋ. ಒಂದರಲ್ಲೂ ಆಂಟಿ ಇಲ್ಲ. ನಾನು ಫೋಟೋ ತೆಗೆಯುವಾಗಲೆಲ್ಲ ಅವರು ಬೆಳಕು ಬೀಳಲೆಂದು ಪಕ್ಕದಲ್ಲಿ ಟಾರ್ಚು ಹಿಡಿದಿರುತ್ತಿದ್ದರು. ಕೆಲವುಗಳ ಅಂಚಿನಲ್ಲಿ ಅವರ ಬೆರಳಿದೆ, ಅಷ್ಟೆ. ಅವರ ಕೆನ್ನೆಯ ಮೇಲೊಂದು ಮಚ್ಚೆ ಇತ್ತು. ಎಡಕ್ಕೋ, ಬಲಕ್ಕೋ... ಮೂರು ವರ್ಷ ದಿನಾ ನೋಡಿದ ಮುಖ, ಕಣ್ಣು ಮುಚ್ಚಿಕೊಂಡರೂ ಬರಲಿಲ್ಲ.

ಮಗಳು ಕಾಯುತ್ತಿದ್ದಳು. ನಾನು ಎದ್ದು, ಕಪಾಟಿನ ಮುಂದೆ ಸ್ವಲ್ಪ ಬಗ್ಗಿ, ಒಂದು ಕೈಯನ್ನು ಬೆನ್ನಿಗೆ ಊರಿ, ಕತ್ತು ಓರೆ ಮಾಡಿದೆ.

"ಹೀಗಿದ್ರು" ಎಂದೆ.