ಅಜ್ಜಿಯ ಎರಡು ಮಾತ್ರೆ

ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ನನಗೆ ಪರವೂ ಒಂದೇ, ವಿರೋಧವೂ ಒಂದೇ. ಹುಲಿಕುಂಟೆಯ ನಮ್ಮಜ್ಜಿಗೆ ಹೃದಯದ ರಕ್ತನಾಳಕ್ಕೆ ಸ್ಟೆಂಟ್ ಹಾಕಿಸಿ ವರ್ಷ ತುಂಬುವ ಮೊದಲೇ ತೊಡೆ, ಮೀನಖಂಡಗಳಲ್ಲಿ ನೋವು ಶುರುವಾಯಿತು. ಕೊಲೆಸ್ಟ್ರಾಲ್ ಮಾತ್ರೆಯಿಂದಲೇ ಹೀಗಾಗುತ್ತೆ ಎಂದು ಯಾರೋ ಅಂದರು. ನಾನು ವಿರೋಧ ಪಕ್ಷ ಹಿಡಿದೆ, ಆ ಮಾತ್ರೆಯ ವಿರುದ್ಧ.

“ಮುದ್ದೆ, ಸೊಪ್ಪಿನ ಸಾರು ಉಣ್ಣೋಳಿಗೆ ಕೊಬ್ಬು ಎಲ್ಲಿಂದ ಬರುತ್ತೆ? ಕಂಪನಿಯೋರ ವ್ಯಾಪಾರ ಅಜ್ಜಿ. ನಿಲ್ಲಿಸಿಬಿಡು.”

ನೋವಿಗೆಂದು ಅತ್ತೆ ದಿನಾ ಬೆಳಿಗ್ಗೆ ಮೇಕೆ ಕಾಲಿನ ಸೂಪು ಕಾಯಿಸಿ ಕೊಡುತ್ತಿದ್ದರು. ವಾದಕ್ಕೆ ಅಡ್ಡಬರುವ ಆ ಸಾಕ್ಷ್ಯವನ್ನು ನಾನು ಮಂಡಿಸಲಿಲ್ಲ.

“ಇವತ್ತೇ ಬುಟ್ಟೆ ಬುಡು,” ಎಂದರು ಅಜ್ಜಿ. “ಕುರಿ ಹಿಂದೆ ನಡಿಯಾಕಾಗ್ದಿದ್ ಮ್ಯಾಲೆ ಹೃದಯ ಇಟ್ಕಂಡು ಏನ್ ಮಾಡ್ಲಿ?”

ಗೆಲುವು ಇಷ್ಟು ಸುಲಭವಾಗಿ ಸಿಕ್ಕಿದ್ದೇ ನನ್ನನ್ನು ಹೆದರಿಸಿತು. ನಾಳ ಮತ್ತೆ ಕಟ್ಟಿಕೊಂಡರೆ ಹೊಣೆ ಯಾರು? ಮರುದಿನವೇ ಮಾತ್ರೆಗಳ ಚೀಲದ ಸಮೇತ ಅವರನ್ನು ಶಿರಾಕ್ಕೆ ಕರೆದೊಯ್ದೆ. ಡಾಕ್ಟರ ಬಾಗಿಲಲ್ಲಿ ಸರದಿ ಕಾಯುತ್ತಾ, ಹೊತ್ತು ಹೋಗದೆ, ಮಾತ್ರೆ ಪಟ್ಟಿಗಳ ಹಿಂದಿನ ಸಣ್ಣಕ್ಷರ ಓದಿದೆ. ಎರಡು ಪಟ್ಟಿಗಳ ಮೇಲೆ ಕಣ್ಣು ನಿಂತಿತು. ಒಂದು ಇದೇ ಡಾಕ್ಟರು ಬರೆದದ್ದು. ಇನ್ನೊಂದು, ಅಜ್ಜಿ ಮಧುಗಿರಿಯ ಚಿಕ್ಕಮ್ಮನ ಮನೆಯಲ್ಲಿದ್ದಾಗ ಅಲ್ಲಿನ ಡಾಕ್ಟರು ಬರೆದದ್ದು. ಕಂಪನಿ ಬೇರೆ, ಹೆಸರು ಬೇರೆ. ಒಳಗಿನ ಔಷಧ ಎರಡರಲ್ಲೂ ಅದೇ ಕೊಲೆಸ್ಟ್ರಾಲಿನದು, ಅಟೋರ್ವಾಸ್ಟಾಟಿನ್.

“ಅಜ್ಜಿ, ಎರಡನ್ನೂ ನುಂಗ್ತಿದ್ಯಾ?”

“ಇಬ್ರೂ ಓದ್ದೋರೇ ಅಲ್ವೇನಮ್ಮ? ಒಬ್ರುದ್ ನುಂಗಿ ಇನ್ನೊಬ್ರುದ್ ಬುಟ್ರೆ ಬ್ಯಾಸ್ರ ಮಾಡ್ಕಣಲ್ವಾ?”

ನನ್ನ ವಾದದ ಸಮೇತ ನಡೆದದ್ದೆಲ್ಲ ಕೇಳಿದ ಡಾಕ್ಟರು ಅಜ್ಜಿಗಿಂತ ಮೊದಲು ನನ್ನನ್ನು ಬೈದರು. “ಕೊಲೆಸ್ಟ್ರಾಲ್ ಬರೀ ತಟ್ಟೆಯಿಂದ ಬರಲ್ಲಮ್ಮ, ಹೆಚ್ಚಿನದನ್ನ ಲಿವರ್ರೇ ತಯಾರಿಸುತ್ತೆ. ಮಾತ್ರೆ ಅದಕ್ಕೆ ಕಡಿವಾಣ ಹಾಕುತ್ತೆ. ಆಗ ಲಿವರ್ ರಕ್ತದಲ್ಲಿರೋದನ್ನ ಎಳ್ಕೊಳುತ್ತೆ. ಡೋಸು ಹೆಚ್ಚಾದ್ರೆ ಸ್ನಾಯು ನೋಯಬಹುದು. ನೋವು ಬಂದ್ರೆ ನಮ್ಮನ್ನ ಕೇಳಬೇಕು, ನೀವೇ ನಿಲ್ಲಿಸೋದಲ್ಲ.” ಸ್ನಾಯುವಿಗೆ ಜಾಸ್ತಿ ಪೆಟ್ಟಾಗಿದ್ದರೆ ಮೂತ್ರ ಕಪ್ಪಗಾಗುತ್ತದಂತೆ; ಹಾಗೆ ಹೋಗುತ್ತಿತ್ತೇ ಎಂದು ವಿಚಾರಿಸಿದರು, ಇಲ್ಲ. ರಕ್ತ ಪರೀಕ್ಷೆ ಮಾಡಿಸಿ, ಮಾತ್ರೆಗೆ ಕೆಲವು ದಿನ ಬಿಡುವು ಕೊಟ್ಟು, ಮುಂದೆ ಒಂದೇ ಮಾತ್ರೆ ಎಂದು ಬರೆದರು.

ಬಿಡುವು ಮುಗಿದ ದಿನ, ಜಗಲಿ ಮೇಲೆ ಕೂತು ನನ್ನ ವಾದವನ್ನು ನಾನೇ ಕೆಡವಿದೆ. ಅಜ್ಜಿ ಎಲೆಗೆ ಸುಣ್ಣ ಹಚ್ಚುತ್ತಾ ಕೇಳಿಸಿಕೊಂಡರು.

“ಅಲ್ಲಾ ಕಣಮ್ಮ, ಅವತ್ತು ಬುಡು ಅಂದೋಳೂ ನೀನೇ, ಇವತ್ತು ನುಂಗು ಅನ್ನೋಳೂ ನೀನೇ. ಯಾವಾಗ ಸುಳ್ಳೇಳ್ದೆ?”

“ಅವತ್ತು.”

“ಅಂಗ್ ಒಪ್ಕ,” ಎಂದು ಮಾತ್ರೆ ಬಾಯಿಗೆ ಹಾಕಿಕೊಂಡರು.

ನೋವು ಪೂರ್ತಿ ಇಳಿಯಲು ವಾರಗಳೇ ಹಿಡಿದವು. ಈಗ ಅಜ್ಜಿ ಕುರಿಗಳ ಜೊತೆ ಹೊರಟಾಗ ನಾನೂ ಹಿಂಬಾಲಿಸಿದರೆ, “ಬಿರ್ರನೆ ಬಾರೇ! ಬಾಯಿಗಿರೋ ಜೋರು ಕಾಲಿಗಿಲ್ವಲ್ಲೇ ನಿಂಗೆ,” ಎಂದು ಗದರುತ್ತಾರೆ.