ಲಂಗರಿನ ಸರಪಳಿಗೆ ಕಟ್ಟಿದ ದಾರ

ಕಳೆದ ದಸರಾ ರಜೆಯಲ್ಲಿ, ಕಾರವಾರದ ಹತ್ತಿರದ ಒಂದು ಕೊಲ್ಲಿಯಲ್ಲಿ, ನನ್ನ ಒಂಬತ್ತು ವರ್ಷದ ಮಗಳನ್ನು ಕಳೆದುಕೊಳ್ಳುತ್ತೇನೆ ಅನ್ನಿಸಿತ್ತು. ನಾನು ಕಾಲೇಜಿನಲ್ಲಿ ಭೌತಶಾಸ್ತ್ರ ಪಾಠ ಮಾಡುವವನು. ಕುರುಬರಹಳ್ಳಿಯ ನಮ್ಮ ಆಂಜನೇಯನ ಗುಡಿಗೆ ಬರುವ ನಿಮಗೆಲ್ಲ ಗೊತ್ತು, ಅಮ್ಮನನ್ನು ಒಳಗೆ ಕಳಿಸಿ ನಾನು ಚಪ್ಪಲಿ ಕಾಯುತ್ತ ಹೊರಗೇ ನಿಲ್ಲುತ್ತಿದ್ದೆ. ನನ್ನ ನೆನಪಿನ ಮೇಲೆ ನನಗೇ ಪೂರ್ತಿ ನಂಬಿಕೆಯಿಲ್ಲ. ನೆನಪಿರುವಷ್ಟು ಬರೆಯುತ್ತೇನೆ.

ಅಕ್ಕನ ಗಂಡ ಹಡಗಿನ ಕೆಲಸದಿಂದ ನಿವೃತ್ತರಾಗಿ ಒಂದು ಹಾಯಿದೋಣಿ ಇಟ್ಟುಕೊಂಡಿದ್ದಾರೆ. ನಾನೂ ಮಗಳೂ ಅಲ್ಲಿಗೆ ಹೊರಟಾಗ ಅಮ್ಮ ಗುಡಿಯ ಕೆಂಪು ದಾರ ಕೊಟ್ಟು, "ಹ್ಯಾಂಡಲ್‌ಗೆ ಕಟ್ಟೋ" ಎಂದರು.

"ದೋಣಿಗೆ ಹ್ಯಾಂಡಲ್ ಇರಲ್ಲಮ್ಮ."

"ಬ್ರೇಕ್ ಇರತ್ತಲ್ಲ? ಅದಕ್ಕೆ ಕಟ್ಟು."

ದೋಣಿಯನ್ನು ನಿಲ್ಲಿಸುವುದು ಲಂಗರು. ದಾರವನ್ನು ಅದರ ಕೊರಳ ಹತ್ತಿರವೇ ಕಟ್ಟಿದ ನೆನಪು.

ಕೊಲ್ಲಿ ಸೇರಿದಾಗ ಮಧ್ಯಾಹ್ನ. ಮಗಳಿಗೆ ಜ್ವರ, ವಾಂತಿ, ದೋಣಿಯ ಕೆಳಗಿನ ಕೋಣೆಯಲ್ಲಿ ಮಲಗಿದ್ದಳು. ಮುಂದೆ ಲಂಗರಿನ ಬಳಿ ನಿಂತಿದ್ದ ನನಗೆ ಭಾವ ಹಿಂದಿನಿಂದ ಕೂಗಿದರು: "ಆರು ಮೀಟರ್ ಆಳ ಇದೆ. ಸರಪಳಿ ಬಿಡ್ತಾ ಹೋಗು. ಮೂವತ್ತು ಮೀಟರ್‌ಗೆ ಕೆಂಪು ಬಟ್ಟೆ ಕಟ್ಟಿದೀನಿ, ಅದು ಕಂಡ ತಕ್ಷಣ ನಿಲ್ಸು."

ಕೆಂಪು ಕಂಡಿತು. ನಿಲ್ಲಿಸಿ ಮಗಳ ಬಳಿ ಹೋದೆ.

ಗಂಟೆಯೊಳಗೆ ಮೋಡ ಕವಿದು ಗಾಳಿ ದಡದ ಬಂಡೆಗಳ ಕಡೆಗೆ ತಿರುಗಿತು. ಭಾವ ಎಂಜಿನ್ ಚಾಲೂ ಮಾಡಲು ನೋಡಿದರು. ಆಗಲಿಲ್ಲ. "ಈಗ ಲಂಗರೊಂದೇ ಗತಿ" ಎಂದವರು ನನ್ನತ್ತ ತಿರುಗಿದರು. "ನೀನು ನೋಡಿದ್ದು ಬಟ್ಟೆ ತಾನೆ?"

ಆಗ ದಾರ ನೆನಪಾಯಿತು. ತೆವಳಿಕೊಂಡು ಮುಂದೆ ಹೋದೆ. ದೋಣಿಯ ಮೂತಿಯಲ್ಲಿ, ಬಿಗಿದು ನಿಂತ ಸರಪಳಿಯ ಮೇಲೆ, ಅಮ್ಮನ ದಾರವಿತ್ತು. ಅದನ್ನು ಲಂಗರಿನ ಹತ್ತಿರವೇ ಕಟ್ಟಿದ್ದೆನಲ್ಲ, ಹಾಗಾದರೆ ನೀರಿಗೆ ಬಿಟ್ಟದ್ದು ಹತ್ತೇ ಮೀಟರೋ ಏನೋ. ಸರಪಳಿ ಗಿಡ್ಡವಾದರೆ ಲಂಗರು ಮರಳಿನಿಂದ ಕಿತ್ತು ಬರುತ್ತದೆ.

"ದಾರ ನೋಡಿ ನಿಲ್ಸಿಬಿಟ್ಟೆ ಭಾವ. ಇನ್ನಷ್ಟು ಬಿಡ್ಲಾ?"

"ಈ ಎಳೆತಕ್ಕೆ ಕೈ ಹಾಕಿದ್ರೆ ಬೆರಳು ಹೋಗತ್ತೆ. ಇಷ್ಟು ಓದಿ ದಾರಕ್ಕೂ ಬಟ್ಟೆಗೂ ವ್ಯತ್ಯಾಸ ಗೊತ್ತಾಗ್ಲಿಲ್ವೇನೋ ನಿಂಗೆ?"

ಅಲ್ಲೇ ಮಂಡಿಯೂರಿದ್ದೆ. ದಾರ ಹಿಡಿದು ಕೇಳಿಕೊಂಡೆ: ಆಂಜನೇಯ, ತಪ್ಪು ನನ್ನದು, ಅವಳ ಮೇಲೆ ಹಾಕಬೇಡ. ಬಂಡೆಗೆ ಬಡಿದ ನೊರೆ ಮುಖಕ್ಕೆ ರಾಚುತ್ತಿತ್ತು. ಲಂಗರು ಕದಲಲಿಲ್ಲ.

ಗಾಳಿ ಇಳಿದ ಮೇಲೆ ಮೀನುಗಾರರು ಬಂದು ನಮ್ಮನ್ನು ದಡ ಸೇರಿಸಿದರು. ಮಗಳಿಗೆ ಆಸ್ಪತ್ರೆಯಲ್ಲಿ ಎರಡು ಬಾಟಲಿ ಡ್ರಿಪ್ ಹಾಕಿದರು.

ಮರುದಿನ ಲಂಗರು ಎತ್ತಿದ ಭಾವ ವಾರ್ಡಿಗೆ ಬಂದು ಹೇಳಿದರು: "ನಾನು ಕಟ್ಟಿದ್ದ ಬಟ್ಟೆಗೆ ತುಕ್ಕು ಹತ್ತಿ ಅದು ಸರಪಳಿ ಬಣ್ಣಕ್ಕೇ ತಿರುಗಿತ್ತು ಕಣೋ. ಅದು ದಾಟಿ ಹೋಗಿದ್ದು ನಿಂಗೆ ಕಂಡಿಲ್ಲ. ನಿನ್ನ ದಾರ ಇದ್ದಿದ್ದು ನಲವತ್ತೈದರಲ್ಲಿ. ಮೂವತ್ತರಲ್ಲಿ ನಿಲ್ಸಿದ್ರೆ ಆ ಗಾಳಿಗೆ ತಡೀತಿರ್ಲಿಲ್ಲ."

ಕೊರಳ ಹತ್ತಿರ ಕಟ್ಟಿದ ದಾರ ನಲವತ್ತೈದಕ್ಕೆ ಹೇಗೆ ಹೋಯಿತು? ಮಗಳನ್ನು ಕೇಳಿದೆ. "ನೀನೇ ಕಟ್ಟಿದ್ದಪ್ಪ. ಫೋನಲ್ಲಿ ಮಾತಾಡ್ತಾ ಕಟ್ಟಿದೆ, ಎಲ್ಲಿಗೆ ಅಂತ ನಾನು ನೋಡ್ಲಿಲ್ಲ" ಎಂದಳು. ಸರಪಳಿಯ ರಾಶಿಯಲ್ಲಿ ಕೈಗೆ ಸಿಕ್ಕ ಕೊಂಡಿಗೆ ಕಟ್ಟಿರಬಹುದು. ಇರಬಹುದು. ಆ ಕೊಂಡಿಯೇ ಯಾಕೆ ಸಿಕ್ಕಿತು ಎಂಬುದಕ್ಕೆ ನನ್ನ ಪಾಠದಲ್ಲಿ ಉತ್ತರವಿಲ್ಲ.

ಊರಿಗೆ ಮರಳಿದ ಬೆಳಿಗ್ಗೆ ಗೊರಗುಂಟೆಪಾಳ್ಯದಲ್ಲಿ ಬಸ್ಸಿಳಿದು, ಆಟೋದಲ್ಲಿ ನಾನೂ ಮಗಳೂ ನೇರವಾಗಿ ಗುಡಿಗೆ ಬಂದೆವು. ಮನೆ ಬಾಗಿಲಿಗೆ ಬೀಗ ಹಾಕಿದೆನೋ ಇಲ್ಲವೋ ಎಂದು ನಾನು ಈಗಲೂ ಬಸ್ ಸ್ಟಾಪಿನಿಂದ ವಾಪಸಾಗುತ್ತೇನೆ. ಆದರೆ ಶನಿವಾರ ಅಮ್ಮನ ಜೊತೆ ನಾನೂ ಒಳಗೆ ಬರುತ್ತೇನೆ. ಚಪ್ಪಲಿ ಹೊರಗೇ ಇರುತ್ತವೆ. ಯಾರೂ ಕಾಯುವುದಿಲ್ಲ.